ಸೋಮವಾರದಿಂದ ಲಾಂಚ್ ಇರುವುದಿಲ್ಲ

ಹೋದ ತಿಂಗಳು ಅತ್ತಿಗೆಯ ಜೊತೆ ಸಿಗಂದೂರಿಗೆ ಹೋಗಿದ್ದೆ. ಹೊಸ ಸೇತುವೆಯ ಮೇಲೆ ಕಾರು ಓಡುತ್ತಿತ್ತು. ಹೊಳೆ ನೋಡಬೇಕೆಂದು ಅತ್ತಿಗೆ ಕೈಚೀಲ ಕೆದಕಿ, ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ ಹಾಕಿಕೊಂಡು ತಲೆ ಎತ್ತುವಷ್ಟರಲ್ಲಿ ಆಚೆ ದಡ ಬಂದುಬಿಟ್ಟಿತು. "ಮುಗೀತಾ? ಇಷ್ಟೇಯಾ?" ಎಂದರು, ಯಾರೋ ಟೋಪಿ ಹಾಕಿದ ಹಾಗೆ ಮುಖ ಮಾಡಿಕೊಂಡು. ಹಿಂತಿರುಗುವಾಗ ನನ್ನದೇ ಹಟಕ್ಕೆ ಹಳೆಯ ಲಾಂಚ್ ಕಟ್ಟೆಯ ಹತ್ತಿರ ಇಳಿದೆವು. ಯಾರೋ ನೀರೆತ್ತುವ ಪಂಪಿಗೆ ಡೀಸೆಲ್ ಸುರಿಯುತ್ತಿದ್ದರು. ಬಿಸಿಲಿಗೆ ಒಣಗಿದ ಹೊಳೆಕೆಸರಿನ ವಾಸನೆ, ಅದರ ಮೇಲೆ ಡೀಸೆಲ್ಲಿನ ವಾಸನೆ. ಮೂಗಿಗೆ ಬಡಿದದ್ದೇ ತಡ, ನನಗೆ ಆ ಒಂದು ಬೇಸಿಗೆ ಪೂರ್ತಿ ನೆನಪಿಗೆ ಬಂತು.

ಸೇತುವೆ ಇಲ್ಲದ ಕಾಲದಲ್ಲಿ ಲಾಂಚ್ ಎಂದರೆ ನಮ್ಮ ಕಡೆ ಒಂದೇ ಅರ್ಥ. ಶರಾವತಿ ಹಿನ್ನೀರಿನ ಮೇಲೆ ಜನರನ್ನು, ಜೀಪನ್ನು, ಮದುವೆ ದಿಬ್ಬಣವನ್ನು, ಒಮ್ಮೊಮ್ಮೆ ಎಮ್ಮೆಯನ್ನೂ ತುಮರಿ ಕಡೆಗೆ ದಾಟಿಸುವ ದೊಡ್ಡ ದೋಣಿ. ಉಳಿದ ಲೋಕದವರು ಹೊಸ ಮೊಬೈಲಿಗೆ, ಹೊಸ ಕಾರಿಗೆ ಹೇಳುವ ಲಾಂಚ್ ನಮ್ಮವರ ಕಿವಿಗೆ ಹೋಗುತ್ತಲೇ ಇರಲಿಲ್ಲ. ನಾನು ಮೊದಲ ಸಲ ಒಂದು ಕಲ್ಯಾಣ ಮಂಟಪದ ವೆಬ್‌ಸೈಟ್ ಮಾಡಿಕೊಟ್ಟು, "ಭಾನುವಾರ ಹತ್ತು ಗಂಟೆಗೆ ವೆಬ್‌ಸೈಟ್ ಲಾಂಚ್, ಎಲ್ಲರೂ ಬನ್ನಿ" ಎಂದು ಹೇಳಿದಾಗ, ಮಂಟಪದ ಹಿರಿಯರೊಬ್ಬರು "ಈ ಕಡೆಯಿಂದ ಹೊರಡೋದಾ, ಆ ಕಡೆಯಿಂದನಾ?" ಎಂದು ಕೇಳಿದ್ದರು. ತಮಾಷೆಗಲ್ಲ, ನಿಜವಾಗಿ ಕೇಳಿದ್ದರು.

ಆಗ ಸಾಗರದಲ್ಲಿ ನನ್ನದೊಂದು ಆಫೀಸು ಇತ್ತು. ಆಫೀಸು ಎಂದರೆ ಹಿಟ್ಟಿನ ಗಿರಣಿಯ ಮೇಲಿನ ಕೋಣೆ. ಕೆಳಗೆ ಮೆಣಸಿನಪುಡಿ ಮಾಡಿಸುವ ದಿನ ಮೇಲೆ ನಾನು ಸೀನುತ್ತಾ ಗಿರಾಕಿಗಳ ಜೊತೆ ಮಾತಾಡುತ್ತಿದ್ದೆ. ಹುಟ್ಟಿದ್ದು ಹೊಸನಗರದಲ್ಲಿ, ಓದಿದ್ದು ಡಿಪ್ಲೊಮಾ, ಹಿಡಿದದ್ದು ವೆಬ್‌ಸೈಟ್ ಮಾಡಿಕೊಡುವ ಕೆಲಸ. ಗಿರಾಕಿಗಳು ಒಬ್ಬರಿಗಿಂತ ಒಬ್ಬರು. ಮೇಗರವಳ್ಳಿಯ ಹೋಮ್‌ಸ್ಟೇ ಯಜಮಾನರಂತೂ "ಪುಟ ತೆರೆದ ಕೂಡಲೇ ಮಳೆ ಬೀಳ್ಬೇಕು ಮೇಡಂ, ಸೌಂಡ್ ಸಮೇತ" ಎಂದು ಪಟ್ಟು ಹಿಡಿದರು. ಬೀಳಿಸಿದೆ. ಪುಟ ಎಷ್ಟು ಭಾರವಾಯಿತೆಂದರೆ ಅವರ ಸ್ವಂತ ಮೇಗರವಳ್ಳಿಯಲ್ಲಿ ಅದು ತೆರೆಯಲೇ ಇಲ್ಲ. "ಹೋಗ್ಲಿ ಬಿಡಿ, ಇಲ್ಲಿ ಹೆಂಗೂ ಬೀಳ್ತದೆ. ಬೆಂಗಳೂರಲ್ಲಿ ಬಿದ್ರೆ ಸಾಕು" ಎಂದು ಸಮಾಧಾನ ಮಾಡಿಕೊಂಡರು.

ಈ ಭಾರದ ಪುಟಗಳ ನಡುವೆ ನನ್ನ ಖುಷಿಗೆ ಒಂದು ಹಗುರದ ಪುಟ ಮಾಡಿದ್ದೆ. ಹೆಸರು 'ಲಾಂಚ್'. ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಲಾಂಚ್ ದಡಕ್ಕೆ ಸರಿಯಾಗಿ ತಾಗುವುದಿಲ್ಲ, ವಾಹನ ಹತ್ತಿಸಲು ಆಗುವುದಿಲ್ಲ. ಒಂದು ದಿನ ಜೀಪು ಬಿಡುತ್ತಾರೆ, ಮರುದಿನ ಜನ ಮಾತ್ರ, ಇನ್ನೊಂದು ದಿನ ರಿಪೇರಿ, ಏನೂ ಇಲ್ಲ. ಕಟ್ಟೆಗೆ ಹೋಗಿ ನಿಂತ ಮೇಲೆಯೇ ಗೊತ್ತಾಗುತ್ತಿದ್ದದ್ದು. ನನ್ನ ಪುಟದಲ್ಲಿ ಇದ್ದದ್ದು ಅದೊಂದೇ ವಿಷಯ: ಇವತ್ತು ಗಾಡಿ ಇದೆಯೋ, ಜನ ಮಾತ್ರವೋ, ಏನೂ ಇಲ್ಲವೋ. ಚಿತ್ರವಿಲ್ಲ, ಬಣ್ಣವಿಲ್ಲ. ತುಮರಿ ಕಡೆ ಸಿಗ್ನಲ್ ಒಂದು ಕಡ್ಡಿ ಬಂದರೆ ಹಬ್ಬ, ಆ ಒಂದು ಕಡ್ಡಿಯಲ್ಲೂ ತೆರೆಯಬೇಕು ಎಂದು ಎಲ್ಲವನ್ನೂ ಕಿತ್ತುಹಾಕಿದ್ದೆ. ಅಗ್ಗದ ಫೋನುಗಳಲ್ಲಿ ಕನ್ನಡ ಅಕ್ಷರ ಡಬ್ಬಿ ಡಬ್ಬಿಯಾಗಿ ಕಾಣುತ್ತದೆಂದು ಅದೇ ಮಾತನ್ನು ಇಂಗ್ಲಿಷ್ ಅಕ್ಷರದಲ್ಲೂ ಬರೆದಿದ್ದೆ.

ಸುದ್ದಿ ಕೊಡುತ್ತಿದ್ದವಳು ಗುಲಾಬಿ. ಸಾಗರ ಕಡೆಯ ಕಟ್ಟೆಯಲ್ಲಿ ಚಾ ಅಂಗಡಿ ಇಟ್ಟವಳು. ಬೆಳಕು ಹರಿಯುವ ಹೊತ್ತಿಗೆ ಲಾಂಚಿನವರನ್ನು ವಿಚಾರಿಸಿ ನನಗೆ ಮಿಸ್ಡ್ ಕಾಲ್ ಕೊಡುತ್ತಿದ್ದಳು. ಒಂದು ಸಲ ರಿಂಗಾಗಿ ನಿಂತರೆ ಗಾಡಿ ಇದೆ, ಎರಡು ಸಲವಾದರೆ ಜನ ಮಾತ್ರ, ಮೂರು ಸಲವಾದರೆ ಇವತ್ತು ಲಾಂಚೇ ಇಲ್ಲ. ನಾನು ಹಾಸಿಗೆಯಲ್ಲೇ ಕೂತು ಫೋನಿನಿಂದ ಆ ಒಂದು ಸಾಲು ಬದಲಿಸುತ್ತಿದ್ದೆ; ಪುಟದಲ್ಲಿ ಬೇರೇನು ಮುಟ್ಟಬೇಕಾದರೂ ಕಂಪ್ಯೂಟರೇ ಬೇಕಿತ್ತು. ಮೊದಲ ರಿಂಗಿಗೆ ಎಚ್ಚರವಾಗಿ, ಎರಡನೆಯದು ಬರುತ್ತದೋ ಇಲ್ಲವೋ ಎಂದು ಕಾಯುವ ಆ ಅರ್ಧ ನಿಮಿಷ ಈಗಲೂ ನನ್ನ ಮೈಯಲ್ಲಿದೆ.

ಇನ್ನು ಪದ್ಮರಾಜಯ್ಯನವರು. ಹೊಸನಗರದಲ್ಲಿ ಟಾರ್ಪಾಲು, ಪೈಪು, ಸ್ಪ್ರೇಯರ್ ಮಾರುವ ಅಂಗಡಿ ಅವರದ್ದು. ನಮ್ಮಪ್ಪನ ಕಾಲದಿಂದ ಪರಿಚಯ. ಬೆಳಿಗ್ಗೆ ಬಸದಿಗೆ ಹೋಗಿ ಬಂದು ಅಂಗಡಿ ತೆಗೆದು ಕೂತರೆ, ಸೂರ್ಯ ಮುಳುಗುವ ಮುಂಚೆ ಊಟಕ್ಕೆ ಏಳುವ ಶಿಸ್ತಿನ ಜೈನ ಹಿರಿಯರು. ಪುಟದ ಸರ್ವರ್ ಖರ್ಚು, ಗುಲಾಬಿಯ ಫೋನಿನ ಕರೆನ್ಸಿ ಎರಡನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಬದಲಿಗೆ ಪುಟದ ಕೆಳಗೆ ಒಂದು ಸಾಲು: ಅವರ ಅಂಗಡಿಯ ಹೆಸರು, ಫೋನ್ ನಂಬರು. "ಇಂಟರ್ನೆಟ್ಟಲ್ಲಿ ನಮ್ಮ ಅಂಗಡಿ ಬರ್ತದೆ" ಎಂದು ಪೇಟೆಯಲ್ಲಿ ಹೇಳಿಕೊಳ್ಳುವಾಗ ಅವರ ಮುಖ ನೋಡಬೇಕಿತ್ತು.

ಒಂದು ದಿನ ಅವರಿಗೆ ರ‍್ಯಾಂಕ್ ತೋರಿಸಿದೆ. ಪ್ರಪಂಚದ ಎಲ್ಲ ವೆಬ್‌ಸೈಟುಗಳನ್ನೂ ಜನಪ್ರಿಯತೆಯ ಮೇಲೆ ಸಾಲಾಗಿ ನಿಲ್ಲಿಸಿ ನಂಬರು ಕೊಡುವ ಒಂದು ಕಂಪನಿ ಆಗ ಇತ್ತು. ನಮ್ಮ ಕಸುಬಿನವರು ಆ ನಂಬರಿಗೆ ಪ್ರಾಣ ಬಿಡುತ್ತಿದ್ದೆವು. ಲಾಂಚ್ ಪುಟ ಆ ಸಾಲಿನ ಬಾಲದ ತುದಿಯಲ್ಲಿ ಎಲ್ಲೋ ಇತ್ತು. ಪದ್ಮರಾಜಯ್ಯನವರಿಗೆ ಅದು ಅಡಿಕೆ ಧಾರಣೆಗಿಂತ ರುಚಿಯಾಯಿತು. ಆಮೇಲೆ ದಿನಾ ಬೆಳಿಗ್ಗೆ ಫೋನು. "ಏನಮ್ಮ ವೀಣಾ, ಇವತ್ತು ಎಷ್ಟನೇ ನಂಬರು?"

ಆ ವರ್ಷದ ಚಳಿಗಾಲದಲ್ಲಿ ನಂಬರು ಇದ್ದಕ್ಕಿದ್ದಂತೆ ಏರತೊಡಗಿತು. ವಾರಕ್ಕೊಂದು ಸಲ ನೋಡಿದರೆ ಸಾವಿರಾರು ಸೈಟುಗಳನ್ನು ಹಿಂದೆ ಹಾಕಿ ಮುಂದೆ ಬಂದಿರುತ್ತಿತ್ತು. ಹೆಸರಾಂತ ಹೋಟೆಲುಗಳ ಸೈಟುಗಳೆಲ್ಲ ನಮ್ಮ ಬೆನ್ನ ಹಿಂದೆ. ನನಗೆ ಕಣ್ಣನ್ನೇ ನಂಬಲಾಗಲಿಲ್ಲ, ಆದರೆ ನಂಬದೆ ಇರುವುದಕ್ಕೂ ಮನಸ್ಸು ಬರಲಿಲ್ಲ. ಪದ್ಮರಾಜಯ್ಯನವರು ಅಂಗಡಿಗೆ ಬಂದವರಿಗೆಲ್ಲ ಪೇಡ ಹಂಚಿದರು. "ಪ್ರಪಂಚದಲ್ಲೇ ಇಷ್ಟನೇದು" ಎಂದು ನಂಬರು ಬರೆದು ಗಲ್ಲಾಪೆಟ್ಟಿಗೆಯ ಹಿಂದೆ ಅಂಟಿಸಿದರು. ಯಾವುದಕ್ಕೆ ಇಷ್ಟನೆಯದು ಎಂದು ಗಿರಾಕಿಗಳು ಕೇಳಲಿಲ್ಲ, ಇವರು ಹೇಳಲಿಲ್ಲ. ಟಾರ್ಪಾಲಿಗೇ ಇರಬೇಕು ಎಂದು ಎಷ್ಟೋ ಜನ ತಿಳಿದುಕೊಂಡರು.

ನಾನೂ ಹಿಗ್ಗಿದೆ. ಹಿಗ್ಗುವುದಕ್ಕೆ ಕಾರಣವಿತ್ತು. ಆ ಪುಟವನ್ನು ಯಾರು ನೋಡುತ್ತಾರೆ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಸರ್ವರಿನಲ್ಲಿ ಲೆಕ್ಕವೇನೋ ಬೀಳುತ್ತಿತ್ತು. ಆದರೆ ಅಗ್ಗದ ಫೋನುಗಳ ಬ್ರೌಸರು ಪುಟವನ್ನು ನೇರವಾಗಿ ತರುವುದಿಲ್ಲ, ಎಲ್ಲೋ ದೂರದೇಶದಲ್ಲಿರುವ ತನ್ನ ಕಂಪನಿಯ ಯಂತ್ರದ ಮೂಲಕ ಹಿಂಡಿ ಸಣ್ಣದು ಮಾಡಿ ತರುತ್ತದೆ. ಹಾಗಾಗಿ ಇಡೀ ತುಮರಿ ಸೀಮೆ ನೋಡಿದರೂ ನನ್ನ ಲೆಕ್ಕದಲ್ಲಿ ಯಾರೋ ಒಬ್ಬ ಪರದೇಶದವನು ಮೇಲಿಂದ ಮೇಲೆ ನೋಡಿದ ಹಾಗೆ ಕಾಣುತ್ತಿತ್ತು. ಗುಲಾಬಿಯನ್ನು ಕೇಳಿದರೆ "ತುಮರಿಯೋರೆಲ್ಲ ಲಾಂಚ್ ನೋಡ್ಕಂಡೇ ಬರ್ತಾರಲ್ಲ ಅಕ್ಕ" ಎನ್ನುತ್ತಿದ್ದಳು. ಅವಳು ಹೇಳುವುದು ನನ್ನ ಪುಟವನ್ನೋ, ಹೊಳೆಯಲ್ಲಿ ಬರುವ ದೋಣಿಯನ್ನೋ? ಬಿಡಿಸಿ ಕೇಳಿದರೆ ಅವಳಿಗೇ ಗಲಿಬಿಲಿಯಾಗುತ್ತಿತ್ತು. ಇಂಥದ್ದರ ನಡುವೆ ರ‍್ಯಾಂಕಿನ ನಂಬರು ಒಂದು ಸ್ಪಷ್ಟವಾದ ಉತ್ತರದಂತೆ ಇತ್ತು.

ಪರೀಕ್ಷೆ ಮುಗಿದು ರಜೆ ಶುರುವಾಗುವ ಹೊತ್ತಿಗೆ ನಂಬರು ಧೊಪ್ಪನೆ ಬಿತ್ತು. ಬಿತ್ತು ಎಂದರೆ, ಎರಡು ವಾರದಲ್ಲಿ ಸಾಲಿನಿಂದಲೇ ಮಾಯ. "ಏನಮ್ಮ, ಎಲ್ಲರೂ ಒಟ್ಟಿಗೆ ಬಿಟ್ಟು ಹೋದ್ರಾ?" ಎಂದು ಪದ್ಮರಾಜಯ್ಯನವರು ಕೇಳಿದರು.

ಉತ್ತರ ಸಿಕ್ಕಿದ್ದು ತೀರ್ಥಹಳ್ಳಿಯಲ್ಲಿ. ಅಲ್ಲಿ ನನ್ನ ಡಿಪ್ಲೊಮಾ ಗೆಳೆಯ ಸದಾಶಿವ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದ. ಬೇರೇನೋ ಕೆಲಸಕ್ಕೆ ಹೋದವಳು ಅವನ ಕೇಂದ್ರಕ್ಕೂ ಹೋದೆ. ರಜೆಯಾದ್ದರಿಂದ ಕೋಣೆ ಖಾಲಿ. ಮಾತಾಡುತ್ತಾ ಒಂದು ಕಂಪ್ಯೂಟರ್ ಹಾಕಿದ. ಬ್ರೌಸರ್ ತೆರೆದ ಕೂಡಲೇ ನನ್ನ ಲಾಂಚ್ ಪುಟ ತಾನಾಗಿ ಬಂದು ಕೂತಿತು. ಬ್ರೌಸರಿನ ನೆತ್ತಿಯ ಮೇಲೆ ಆ ರ‍್ಯಾಂಕ್ ಕಂಪನಿಯ ಪಟ್ಟಿ, ಟೂಲ್‌ಬಾರ್ ಅನ್ನುತ್ತಾರಲ್ಲ, ಅದು.

"ಇದೆಂಥದೋ?" ಎಂದೆ.

"ಎಲ್ಲ ಮಷೀನಿಗೂ ಹಾಕಿದೀನಿ ಮಾರಾಯ್ತಿ. ಹುಡುಗ್ರು ಬ್ರೌಸರ್ ತೆಗೆದ್ರೆ ಸಾಕು, ನಿನ್ನ ಪುಟ. ಈ ಪಟ್ಟಿ ಇದ್ರೆ ಅವರು ಎಣಿಸ್ಕಳ್ತಾರಂತೆ. ನಿಂಗೊಂದು ಉಪಕಾರ ಆಗ್ಲಿ ಅಂತ. ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಸಿಟ್ಟು ಬಂತು, ನಗುವೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ಹೊರಗೆ ಹಾಕುವುದೆಂದು ತಿಳಿಯದೆ ಅವನು ಕೊಟ್ಟ ಕಾಫಿ ಕುಡಿದೆ. ಆ ಕಂಪನಿ ಎಣಿಸುತ್ತಿದ್ದದ್ದು ತನ್ನ ಪಟ್ಟಿ ಹಾಕಿಕೊಂಡ ಕಂಪ್ಯೂಟರುಗಳನ್ನು ಮಾತ್ರ. ಉಳಿದದ್ದೆಲ್ಲ ಅಂದಾಜು. ತೀರ್ಥಹಳ್ಳಿಯ ಒಂದು ಹೋಟೆಲಿನ ಬಾಗಿಲಲ್ಲಿ ನಿಂತು, ಬಂದವರಲ್ಲಿ ಎಷ್ಟು ಜನ ಕಾಫಿ ಕುಡಿದರು ಎಂದು ಎಣಿಸಿ, ಇಡೀ ಮಲೆನಾಡು ಏನು ಕುಡಿಯುತ್ತದೆ ಎಂದು ಸಾರಿದ ಹಾಗೆ. ದೊಡ್ಡ ದೊಡ್ಡ ಸೈಟುಗಳಿಗೆ ಆ ಅಂದಾಜು ಅಷ್ಟಿಷ್ಟು ಸರಿಹೋಗುತ್ತಿತ್ತೇನೋ. ನಮ್ಮಂಥ ಸಣ್ಣ ಪುಟಕ್ಕೆ ಒಂದು ಕೋಣೆಯ ಮಕ್ಕಳು ಬಂದರೆ ಏರುತ್ತಿತ್ತು, ರಜೆ ಹಾಕಿದರೆ ಇಳಿಯುತ್ತಿತ್ತು. ಆ ಮಕ್ಕಳಾದರೂ ಲಾಂಚ್ ನೋಡುತ್ತಿದ್ದರೇ? ತೆರೆದ ಕೂಡಲೇ ಮುಚ್ಚುತ್ತಿದ್ದರು, ಪಾಪ, ಅವರಿಗೆ ತೀರ್ಥಹಳ್ಳಿಯಿಂದ ಹೊಳೆ ದಾಟಿ ಹೋಗಬೇಕಾದ್ದೇನಿತ್ತು?

ತೀರ್ಥಹಳ್ಳಿಯಿಂದ ವಾಪಸು ಬರುವಾಗ ಹೊಸನಗರದಲ್ಲಿ ಇಳಿದು ಪದ್ಮರಾಜಯ್ಯನವರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರು ಕೋಪಿಸಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಎದ್ದು ಹೋಗಿ ಗಲ್ಲಾಪೆಟ್ಟಿಗೆಯ ಹಿಂದಿನ ಕಾಗದವನ್ನು ಮೆಲ್ಲಗೆ ಕಿತ್ತು, ಮಡಚಿ, ಜೇಬಿಗೆ ಹಾಕಿಕೊಂಡರು.

"ಅಂದ್ರೆ ಮೊದಲಿಂದಾನೂ ಯಾರೂ ನೋಡಿಲ್ಲ ಅನ್ನಮ್ಮ."

"ಹಂಗಲ್ಲ ಅಯ್ಯನವ್ರೇ. ನಿಜವಾಗಿ ನೋಡೋರು ಇದ್ದಾರೆ. ಅವರದ್ದು ಸಣ್ಣ ಫೋನು. ಈ ಕಂಪನಿ ಲೆಕ್ಕಕ್ಕೆ ಸಿಗಲ್ಲ."

"ನಿನ್ನ ಲೆಕ್ಕಕ್ಕೆ ಸಿಗ್ತಾರಾ?"

"ಸರಿಯಾಗಿ ಸಿಗಲ್ಲ."

"ಅವರ ಲೆಕ್ಕಾನೂ ಸುಳ್ಳು, ನಿಂದೂ ಸರಿ ಇಲ್ಲ. ನಾನು ಯಾವುದನ್ನ ಹಿಡ್ಕಳ್ಳಿ? ಪೇಟೆಯಲ್ಲಿ ಎಲ್ಲರ ಹತ್ರ ಹೇಳ್ಕಂಡು ಬಂದಿದೀನಿ." ಜೇಬಿನ ಮೇಲೆ ಕೈಯಿಟ್ಟುಕೊಂಡು, "ಸಾಕಮ್ಮ. ಈ ತಿಂಗಳಿಗೆ ನಿಲ್ಲಿಸಿಬಿಡಾಣ" ಎಂದರು.

ನಾನು ಬೇಡ ಎನ್ನಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಸಾಕಾಗಿತ್ತು. ದಿನಾ ಕತ್ತಲೆ ಹರಿಯುವ ಮುಂಚೆ ಎದ್ದು, ಯಾರೂ ಇಲ್ಲದ ಬಯಲಿನಲ್ಲಿ ಕೂಗಿ ಹೇಳಿದ ಹಾಗೆ, "ಇವತ್ತು ಜನ ಮಾತ್ರ, ಇವತ್ತು ಗಾಡಿ ಇದೆ" ಎಂದು ಬರೆಯುವುದು. ಯಾರೂ ಹ್ಞೂಂ ಎನ್ನುವುದಿಲ್ಲ, ಉಹ್ಞೂಂ ಎನ್ನುವುದಿಲ್ಲ. ಗುಲಾಬಿಗೆ ವಿಷಯ ಹೇಳಿದಾಗ ಅವಳು "ಹಂಗಾರೆ ಇನ್ಮೇಲೆ ನಾನು ನಿಮ್ಮನ್ನ ಎಬ್ಬಿಸೋದು ಬ್ಯಾಡನಾ?" ಎಂದು ಕೇಳಿದಳು. ಅವಳ ದನಿ ಸಣ್ಣಗಾಗಿತ್ತು. ನನ್ನ ಎಷ್ಟೋ ವೆಬ್‌ಸೈಟುಗಳು ಹೀಗೇ ಕಣ್ಣು ಮುಚ್ಚಿದ್ದವು. ಈ ಒಂದನ್ನು ಮುಚ್ಚುವುದನ್ನು ಮಾತ್ರ ನಾಳೆ ನಾಳೆ ಎಂದು ಮುಂದೂಡಿದೆ.

ಶುಕ್ರವಾರ ಸಂಜೆ ಪುಟದ ತಲೆಯ ಮೇಲೆ ಒಂದು ಸೂಚನೆ ಹಾಕಿದೆ. ಪುಟದ ಹೆಸರು ಲಾಂಚ್ ತಾನೇ? ಹಾಗಾಗಿ ಬರೆದದ್ದು ಇಷ್ಟು: "ಸೋಮವಾರದಿಂದ ಲಾಂಚ್ ಇರುವುದಿಲ್ಲ. ಇಷ್ಟು ದಿನ ನೋಡಿದವರಿಗೆ ವಂದನೆಗಳು."

ಹಾಕಿ, ಕಂಪ್ಯೂಟರ್ ಮುಚ್ಚಿ, ಗಿರಣಿಯ ಮೆಟ್ಟಿಲಿಳಿದು ಮನೆಗೆ ಹೋದೆ. ಕಲ್ಯಾಣ ಮಂಟಪದ ಹಿರಿಯರ ಪ್ರಶ್ನೆ ಕೇಳಿಸಿಕೊಂಡಿದ್ದ ನಾನೇ ಈ ಸಾಲು ಬರೆದೆ ಎಂದರೆ ನೋಡಿ.

ಶನಿವಾರ ಬೆಳಿಗ್ಗೆ ಗುಲಾಬಿಯ ಕರೆ ಮೂರು ಸಲ ಬಂತು. ಲಾಂಚ್ ರಿಪೇರಿ, ಇವತ್ತು ಏನೂ ಇಲ್ಲ. ಅದನ್ನು ಬರೆದು ಹಲ್ಲುಜ್ಜಲು ಹೋದೆ. ಅಷ್ಟರಲ್ಲಿ ಪದ್ಮರಾಜಯ್ಯನವರ ಫೋನು. ಬಸದಿಗೆ ಹೋಗುವ ಮುಂಚೆ ಅವರು ಯಾರಿಗೂ ಫೋನು ಮಾಡಿದವರಲ್ಲ.

"ಏನಮ್ಮ ಬರೆದಿದೀಯ? ಮೂರು ಜನ ಫೋನ್ ಮಾಡಿ ಬೈದ್ರು. ನಾನು ಲಾಂಚ್ ನಿಲ್ಲಿಸ್ತೀನಂತೆ!"

ಪುಟದಲ್ಲಿ ಇದ್ದದ್ದು ಅವರೊಬ್ಬರ ನಂಬರು. ತುಮರಿ ಸೀಮೆಯವರು ಬೆಳಗಿನ ಹೊತ್ತು ಪುಟ ತೆರೆದಿದ್ದರು, ಸೋಮವಾರದಿಂದ ಲಾಂಚ್ ಇರುವುದಿಲ್ಲ ಎಂದು ಓದಿದ್ದರು, ಎದೆ ಒಡೆದುಕೊಂಡಿದ್ದರು, ಕೆಳಗಿದ್ದ ನಂಬರಿಗೆ ಒತ್ತಿದ್ದರು. ಬುಧವಾರ ಮಗಳ ದಿಬ್ಬಣ ದಾಟಿಸಬೇಕಿದ್ದ ಒಬ್ಬರು ಅತ್ತೇಬಿಟ್ಟರಂತೆ. ಇನ್ನೊಬ್ಬರು "ನೀವು ಟಾರ್ಪಾಲು ಮಾರ್ಕಂಡು ಇರ್ಬೇಕಪ್ಪ, ಲಾಂಚಿನ ಉಸಾಬರಿ ನಿಮಗ್ಯಾಕೆ?" ಎಂದರಂತೆ. ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ ಗಿರಣಿಗೆ ಓಡಿದೆ. ಸೂಚನೆ ತಿದ್ದಿದೆ: "ಗಾಬರಿಯಾಗಬೇಡಿ. ಹೊಳೆಯ ಲಾಂಚ್ ಎಂದಿನಂತೆ ಇರುತ್ತದೆ. ನಿಲ್ಲುವುದು ಈ ಪುಟ ಮಾತ್ರ." ಅಲ್ಲಿಗೆ ಮುಗಿಯಿತು ಎಂದುಕೊಂಡು ಹೊಸನಗರದ ಬಸ್ಸು ಹತ್ತಿದೆ. ಅಯ್ಯನವರ ಮುಖ ನೋಡಿ ತಪ್ಪಾಯಿತು ಎನ್ನಬೇಕಿತ್ತು.

ನಾನು ಅಂಗಡಿ ಮುಟ್ಟುವಾಗಲೂ ಫೋನು ಬಡಿದುಕೊಳ್ಳುತ್ತಲೇ ಇತ್ತು. ಪದ್ಮರಾಜಯ್ಯನವರು ಬಸದಿಗೆ ಹೋಗಿರಲಿಲ್ಲ, ತಿಂಡಿ ತಿಂದಿರಲಿಲ್ಲ. ಫೋನನ್ನು ನನ್ನ ಕೈಗೆ ಕೊಟ್ಟು "ನೀನೇ ಮಾತಾಡು" ಎಂದರು. ತಿದ್ದಿದ ಮೇಲೆ ಬೈಗುಳ ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ಲಾಂಚ್ ಇದ್ದು ಪುಟ ಇಲ್ಲದಿದ್ದರೆ ಏನು ಉಪಯೋಗ, ಬಿಡುತ್ತಾರೋ ಇಲ್ಲವೋ ಎಂದು ನಮಗೆ ಹೇಳುವವರು ಯಾರು, ಎಂದು ಒಬ್ಬ ಮೇಷ್ಟ್ರು ಕೇಳಿದರು. ಪ್ರತಿದಿನ ಹೊಳೆ ದಾಟಿ ಪಾಠ ಮಾಡಲು ಬರುವವರಂತೆ. ಗೂಡ್ಸ್ ರಿಕ್ಷಾದವನೊಬ್ಬ "ನಿಮ್ಮದು ನೋಡದೆ ನಾನು ಗಾಡಿ ಚಾಲೂನೇ ಮಾಡಲ್ಲ" ಎಂದ. ಇನ್ನೊಬ್ಬ ಹೆಂಗಸು ಹೆಸರೂ ಹೇಳದೆ, ಏನನ್ನೂ ಕೇಳದೆ, "ಯಾಕ್ರೀ ಹಿಂಗೆ ಮಾಡ್ತೀರಾ?" ಎಂದಷ್ಟೇ ಹೇಳಿ ಫೋನಿಟ್ಟಳು. ನನ್ನ ಜೀವಮಾನದಲ್ಲಿ ಅಷ್ಟು ಬೈಸಿಕೊಂಡದ್ದಿಲ್ಲ. ಬೈಸಿಕೊಳ್ಳುತ್ತಾ ಬೈಸಿಕೊಳ್ಳುತ್ತಾ ನನ್ನ ಮುಖ ಅರಳುತ್ತಿತ್ತೇನೋ. "ನಗ್ತೀಯಲ್ಲಮ್ಮ!" ಎಂದರು ಪದ್ಮರಾಜಯ್ಯನವರು. ಆದರೆ ಅವರ ಮುಖವೂ ಬೆಳಗಿನ ಹಾಗೆ ಇರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಅಂಗಡಿಯ ಮುಂದೆ ಒಂದು ಜೀಪು ನಿಂತಿತು. ಧೂಳು ಮೆತ್ತಿತ್ತು. ಲಾಂಚ್ ಇಲ್ಲದ ದಿನ ತುಮರಿಯಿಂದ ಸಾಗರಕ್ಕೆ ಬರುವವರು ನಿಟ್ಟೂರು, ನಗರ, ಹೊಸನಗರ ಎಂದು ಅರ್ಧ ಸೀಮೆ ಸುತ್ತಿ ಬರಬೇಕು. ಹಿಂದಿನ ಸೀಟಿನಲ್ಲಿ ಒಬ್ಬರು ದಿಂಬಿಗೆ ಒರಗಿ ಕೂತಿದ್ದರು, ಕಾಲು ಬಾತುಕೊಂಡಿತ್ತು. ಅವರ ಹೆಂಡತಿ ಇಳಿದು ಬಂದು ಅಂಗಡಿಯ ಬೋರ್ಡನ್ನೂ ಕೈಯಲ್ಲಿದ್ದ ಪುಟ್ಟ ಫೋನನ್ನೂ ಒಂದು ಸಲ ತಾಳೆ ನೋಡಿದರು.

"ಲಾಂಚ್ ಹಾಕೋದು ನೀವಾ?" ಎಂದು ಪದ್ಮರಾಜಯ್ಯನವರನ್ನು ಕೇಳಿದರು.

"ಬರೆಯೋದು ಈ ಹುಡುಗಿ. ಅಂಗಡಿ ನನ್ನದು" ಎಂದರು ಅವರು.

ಆಕೆಯ ಹೆಸರು ಭಾಗೀರಥಿ. ಗಂಡನಿಗೆ ಕಿಡ್ನಿ ಕೆಟ್ಟು, ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶನಿವಾರ, ಸಾಗರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅಲ್ಲಿ ಯಂತ್ರಕ್ಕೆ ಸರದಿ. ಹೊತ್ತು ತಪ್ಪಿದರೆ ಮುಂದಿನವರನ್ನು ಮಲಗಿಸುತ್ತಾರೆ, ಅದು ಅವರ ತಪ್ಪೂ ಅಲ್ಲ. ಆಕೆ ಜಗಳಕ್ಕೆ ಬಂದವರಲ್ಲ. ಮಾತಿನಲ್ಲಿ ಅವಸರವಿತ್ತು, ಅಷ್ಟೆ.

"ಮೊದಲೆಲ್ಲ ಇವರನ್ನ ಕರ್ಕಂಡು ಕಟ್ಟೆವರೆಗೆ ಬರೋದು. ಗಾಡಿ ಇಲ್ಲ ಅಂತಿದ್ರು. ತಿರುಗಿಸ್ಕಂಡು ಸುತ್ತಿ ಬರೋ ಹೊತ್ತಿಗೆ ಸರದಿ ಹೋಗಿರ್ತಿತ್ತು. ಒಂದು ಸಲ ಹಂಗಾಗಿ, ಉಸಿರಾಡಕ್ಕೆ ಆಗದೆ ಒದ್ದಾಡಿಬಿಟ್ರು. ನಾನು ಹೆದರಿಬಿಟ್ಟೆ. ಆಮೇಲೆ ಯಾರೋ ಇದನ್ನ ಹೇಳಿಕೊಟ್ರು." ಫೋನನ್ನು ಮುಂದೆ ಹಿಡಿದರು. "ಈಗ ಎದ್ದ ಕೂಡಲೇ ನಿಮ್ಮದನ್ನ ನೋಡ್ತೀನಿ. ಲಾಂಚ್ ಇಲ್ಲ ಅಂದ್ರೆ ಇವರನ್ನ ಆಗಲೇ ಎಬ್ಬಿಸಿ ಹೊರಡಿಸ್ತೀನಿ. ಇವತ್ತು ಹಂಗೇ ಹೊರಟಿದ್ದು. ಗಾಡಿ ಇದೆ ಅಂದ್ರೆ ಎಬ್ಬಿಸಲ್ಲ. ಇನ್ನೊಂದು ಗಳಿಗೆ ಮಲಗಲಿ ಅಂತ ಬಿಡ್ತೀನಿ. ಇವರಿಗೆ ನಿದ್ರೆ ಹತ್ತೋದೇ ಬೆಳಗಿನ ಜಾವ."

ಫೋನು ಮತ್ತೆ ಬಡಿದುಕೊಂಡಿತು, ಪದ್ಮರಾಜಯ್ಯನವರು ಅದನ್ನು ಎತ್ತದೆ ಪಕ್ಕಕ್ಕೆ ಸರಿಸಿದರು.

"ನಿಲ್ಲಿಸ್ಬೇಡಿ. ಇಷ್ಟು ಹೇಳಕ್ಕೆ ಇಳಿದೆ" ಎಂದರು ಆಕೆ.

"ನಿಲ್ಲಲ್ಲಮ್ಮ" ಎಂದರು ಪದ್ಮರಾಜಯ್ಯನವರು. "ನಾನಿರೋ ತನಕ ನಿಲ್ಲಲ್ಲ. ಹೊರಡಿ, ಹೊತ್ತಾಗ್ತದೆ." ಆಮೇಲೆ ನನ್ನ ಕಡೆ ತಿರುಗಿ, "ನೀನೇನು ನೋಡ್ತಾ ನಿಂತಿದೀಯ? ಅಳಿಸು ಅದನ್ನ!" ಎಂದು ಗದರಿದರು.

ಭಾಗೀರಥಕ್ಕನ ಜೊತೆ ನಾನು ಜೀಪಿನವರೆಗೆ ಹೋದೆ. ಆಕೆ ಗಂಡನಿಗೆ ತಮ್ಮ ಹವ್ಯಕ ಮನೆಮಾತಿನಲ್ಲಿ, ಹುಡುಗಿಯನ್ನು ಕೂಸು ಎನ್ನುವ ಮಾತಿನಲ್ಲಿ, ಹೇಳಿದರು: "ಇಲ್ನೋಡಿ, ಲಾಂಚ್ ಹಾಕೋ ಕೂಸು ಇದೇಯಡ."

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. "ಹೌದನೇ ತಂಗಿ? ಎಂಗೊ ಯಾರೋ ಗಂಡಸು ಹೇಳಿ ತಿಳ್ಕಂಡಿದ್ಯ" ಎಂದು ನಕ್ಕರು. ನಗುವುದಕ್ಕೆ ಅವರಿಗೆ ಕಷ್ಟವಾಗುತ್ತಿತ್ತು, ಆದರೂ ನಕ್ಕರು. ಆಮೇಲೆ ಎರಡೂ ಕೈ ಎತ್ತಿ ಮುಗಿಯಲು ಹೋದರು. ನಾನು ಆ ಕೈ ಹಿಡಿದುಕೊಂಡೆ. "ಹುಷಾರಾಗಿ ಹೋಗಿ ಬನ್ನಿ" ಎಂದೆ.

ಪದ್ಮರಾಜಯ್ಯನವರ ಅಂಗಡಿಯ ಹಳೆಯ ಕಂಪ್ಯೂಟರಿನಲ್ಲೇ ಕೂತು ಸೂಚನೆ ಅಳಿಸಿದೆ. ಎರಡು ಸಲ ಇಂಟರ್ನೆಟ್ ಕಡಿದು ಹೋಯಿತು. ಅವರು ಹಿಂದೆಯೇ ನಿಂತಿದ್ದರು. ಅಳಿಸಿದ್ದು ನಿಜವೇ ಎಂದು ತಮ್ಮ ಫೋನಿನಲ್ಲಿ ಪುಟ ತೆರೆಸಿ ನೋಡಿದ ಮೇಲೆಯೇ ತಿಂಡಿಗೆ ಎದ್ದರು, ನನ್ನನ್ನೂ ಕರೆದುಕೊಂಡು ಹೋದರು. ಅವರ ಮನೆಯ ಇಡ್ಲಿ ತಿನ್ನುತ್ತಾ ನಾನು ಅತ್ತೆ. ಪದ್ಮರಾಜಯ್ಯನವರ ಹೆಂಡತಿ ಚಟ್ನಿ ಖಾರವಾಯಿತು ಎಂದುಕೊಂಡು ತುಪ್ಪ ಹಾಕಿದರು.

ಸೇತುವೆ ಆಗುವವರೆಗೂ ಆ ಪುಟ ನಡೆಯಿತು. ಪದ್ಮರಾಜಯ್ಯನವರು ಮತ್ತೆಂದೂ ನಂಬರು ಕೇಳಲಿಲ್ಲ. ಆ ರ‍್ಯಾಂಕ್ ಕಂಪನಿಯೇ ಒಂದು ದಿನ ಅಂಗಡಿ ಮುಚ್ಚಿತು ಎಂದು ಸುದ್ದಿ ಓದಿದಾಗ ನನಗೆ ಖುಷಿಯೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಸದಾಶಿವನ ಮೇಲೆ ಈಗ ಸಿಟ್ಟಿಲ್ಲ. ಅವನು ಆ ಉಪಕಾರ ಮಾಡದೆ ಹೋಗಿದ್ದರೆ ನಂಬರು ಏರುತ್ತಿರಲಿಲ್ಲ, ಬೀಳುತ್ತಿರಲಿಲ್ಲ, ಪುಟ ಯಾರಿಗಾಗಿ ಎಂದು ನನಗೆ ಕೊನೆಗೂ ಗೊತ್ತಾಗುತ್ತಿರಲಿಲ್ಲ. ಬೈದವರಿಗೆ, ಅತ್ತವರಿಗೆ, ಹೆಸರು ಹೇಳದೆ ಫೋನಿಟ್ಟ ಆ ಹೆಂಗಸಿಗೆ, ಎಲ್ಲರಿಗೂ ನಾನು ಋಣಿ. ಇಷ್ಟು ವರ್ಷ ಈ ಕಸುಬಿನಲ್ಲಿ ಉಳಿದದ್ದು ಅವರಿಂದ. ಭಾಗೀರಥಕ್ಕನ ಯಜಮಾನರು ಆಮೇಲೂ ಕೆಲವು ವರ್ಷ ಇದ್ದರು. ಹೋದಾಗ ಆಕೆಯೇ ಫೋನು ಮಾಡಿ ಹೇಳಿದರು.

ಆದರೆ ಆ ಬೇಸಿಗೆ ಎಂದರೆ ನನಗೆ ಕಣ್ಣಿಗೆ ಕಟ್ಟುವುದು ಆ ಶನಿವಾರವಲ್ಲ, ಅದರ ನಂತರದ ಮಂಗಳವಾರ. ಗುಲಾಬಿಯ ಕರೆ ಬರುವ ಮುಂಚೆಯೇ ಎದ್ದು ಕೂತಿದ್ದೆ. ಹೊರಗೆ ಇನ್ನೂ ಬೂದುಗತ್ತಲೆ. ಫೋನು ಒಂದು ಸಲ ರಿಂಗಾಗಿ ನಿಂತಿತು. ಎರಡನೆಯದು ಬರುತ್ತದೆಯೋ ಎಂದು ಕಾದೆ. ಬರಲಿಲ್ಲ. ಇನ್ನೂ ಸ್ವಲ್ಪ ಕಾದೆ. ಬರಲಿಲ್ಲ. "ಇವತ್ತು ಗಾಡಿ ಇದೆ" ಎಂದು ಬರೆದು ಪುಟ ಬದಲಿಸಿದೆ. ಹೊಳೆಯಾಚೆ ಭಾಗೀರಥಕ್ಕ ಫೋನು ನೋಡಿ ಕೆಳಗಿಟ್ಟಿರಬೇಕು. ಅವರ ಯಜಮಾನರು ಇನ್ನೊಂದು ಗಳಿಗೆ ಮಲಗಿರಬೇಕು.